ತಂಬೂರಿಯ ಒರೆಗಲ್ಲಿನಲ್ಲಿ ಸಿಡಿ ಪ್ಲೇಯರ್

ಗೋವಾದ ಸಾವರ್ಡೆಯಿಂದ ಹೆಚ್ಚು ದೂರವಿಲ್ಲದ ಕುರ್ಡಿ ಗ್ರಾಮ ಈಗ ಸಾಳಾವಲಿ ಅಣೆಕಟ್ಟಿನ ನೀರಿನಡಿ ಇದೆ. ಬೇಸಿಗೆಯಲ್ಲಿ ನೀರಿಳಿದಾಗ ಕೆಲವು ವಾರ ಮೇಲೇಳುವ ಆ ಊರು ಗಾಯಕಿ ಮೋಗೂಬಾಯಿ ಕುರ್ಡೀಕರ್ ಅವರದು. ಅವರ ಗುರು ಅಲ್ಲಾದಿಯಾ ಖಾನ್. ಖಾನ್ ಸಾಹೇಬರ ಮಕ್ಕಳಾದ ಮಂಜೀ ಖಾನ್ ಮತ್ತು ಭುರ್ಜೀ ಖಾನ್ ಅವರಲ್ಲಿ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರ. ಹುಬ್ಬಳ್ಳಿ ವಿಭಾಗದ ರೈಲುಹಳಿಯ ಮೇಲಿರುವ ಸಾವರ್ಡೆಯ ಕನ್ನಡ ಮನೆಯಲ್ಲಿ ಮನಸೂರರ ಸಿಡಿಯ ಪಕ್ಕದಲ್ಲೇ ಮೋಗೂಬಾಯಿಯವರ ಮಗಳು ಕಿಶೋರಿ ಅಮೋಣಕರ್ ಅವರ ಸಿಡಿ ಇದ್ದರೆ ಅದು ಒಂದೇ ಘರಾಣೆಯ ಸಂಗೀತ. ಹೈ-ಫೈ ಪತ್ರಿಕೆಗಳು ಜಾಝ್ ಹಾಕಿ ಪ್ಲೇಯರ್‌ಗಳನ್ನು ತೂಗುತ್ತವೆ. ನಮಗೆ ತಂಬೂರಿಯೇ ಸಾಕು, ಅದು ಹೆಚ್ಚು ನಿಷ್ಠುರ ಪರೀಕ್ಷಕ ಕೂಡ.

ಮೊದಲ ಪ್ಲೇಯರ್ ಸೋನಿಯ ಸಿಡಿಪಿ-101 ಜಪಾನಿನಲ್ಲಿ 1982ರ ಅಕ್ಟೋಬರ್ 1ರಂದು 1,68,000 ಯೆನ್ ಬೆಲೆಗೆ ಬಂತು. ಸೆಕೆಂಡಿಗೆ 44,100 ಮಾದರಿ, ಪ್ರತಿ ಮಾದರಿಗೆ 16 ಬಿಟ್: ಈ ಲೆಕ್ಕ ಇಂದಿಗೂ ಬದಲಾಗಿಲ್ಲ. ಸೋನಿ ಅಂಕಿಗಳನ್ನು ಸದ್ದಾಗಿಸುವ ಒಂದೇ 16 ಬಿಟ್ ಪರಿವರ್ತಕವನ್ನು ಎಡ-ಬಲ ಎರಡಕ್ಕೂ ಸರದಿಯಲ್ಲಿ ದುಡಿಸಿತು. ಫಿಲಿಪ್ಸ್ ಬೇರೆ ದಾರಿ ಹಿಡಿಯಿತು. ಅದರ ಸಿಡಿ100ರಲ್ಲಿ ಇದ್ದದ್ದು 14 ಬಿಟ್ ಚಿಪ್ಪೇ, ಆದರೆ ಮಾದರಿಗಳನ್ನು ನಾಲ್ಕು ಪಟ್ಟು ಹೆಚ್ಚಿಸಿ 16 ಬಿಟ್‌ಗೆ ಸಮೀಪದ ಫಲ ತೆಗೆಯಿತು. ಇದರಿಂದ ಕೊನೆಯ ಅನಲಾಗ್ ಫಿಲ್ಟರು ಸೌಮ್ಯವಾಗಿದ್ದರೂ ನಡೆಯಿತು. ಮುಂದೆ ಬಹುತೇಕ ಎಲ್ಲರೂ ನಡೆದದ್ದು ಇದೇ ದಾರಿಯಲ್ಲಿ. ಬ್ರಿಟನ್ನಿನ ಮೆರಿಡಿಯನ್‌ನಂಥ ಸಣ್ಣ ಕಂಪನಿಗಳು ಫಿಲಿಪ್ಸ್ ಯಂತ್ರವನ್ನೇ ತೆಗೆದುಕೊಂಡು, ವಿದ್ಯುತ್ ಪೂರೈಕೆ ಮತ್ತು ಅನಲಾಗ್ ಭಾಗ ತಿದ್ದಿ ದುಬಾರಿ ಬೆಲೆಗೆ ಮಾರಿದವು. ಹೈ-ಎಂಡ್ ಸಿಡಿ ಪ್ಲೇಯರ್ ಹುಟ್ಟಿದ್ದು ಹೀಗೆ, ರಿಪೇರಿಯ ಮೇಜಿನ ಮೇಲೆ.

ತಂಬೂರಿ ಕಾಡುವುದು ಇಲ್ಲಿಂದ ಮುಂದೆ. ತಂತಿ ಮೀಟಿದ ಮೇಲೆ, ಕುದುರೆಗೆ ತಂತಿ ತಾಗಿ ಹುಟ್ಟುವ ಜವಾರಿಯ ನಾದ ಕ್ಷೀಣಿಸುತ್ತಾ ಹೋಗುತ್ತದೆ. ಸದ್ದು ತೀರಾ ಸಣ್ಣದಾದಾಗ ಹಳೆಯ ಬಹುಬಿಟ್ ಪರಿವರ್ತಕಗಳ ಮೆಟ್ಟಿಲುಗಳು ಸಮನಾಗಿ ಬೀಳುತ್ತಿರಲಿಲ್ಲ, ನಾದದ ಬಾಲ ಒರಟಾಗುತ್ತಿತ್ತು. ಫಿಲಿಪ್ಸ್‌ನ ಟಿಡಿಎ 1541 ಚಿಪ್‌ಗಳಲ್ಲಿ ಹೆಚ್ಚು ನಿಖರವಾದವನ್ನು ಆರಿಸಿ ಕಿರೀಟದ ಗುರುತು ಹಾಕುತ್ತಿದ್ದುದು ಇದೇ ಕಾರಣಕ್ಕೆ. ಆ ಗುರುತಿಗೆ ಈಗಲೂ ಬೆಲೆ ಏರುತ್ತಲೇ ಇದೆ, ಅದರಲ್ಲಿ ಕಿವಿಗಿಂತ ಭಕ್ತಿಯ ಪಾಲು ದೊಡ್ಡದು. 1980ರ ದಶಕದ ಕೊನೆಗೆ ಬಂದ ಬಿಟ್‌ಸ್ಟ್ರೀಮ್, ಮ್ಯಾಶ್ ಎಂಬ ಒಂದು ಬಿಟ್ಟಿನ ವಿಧಾನಗಳಲ್ಲಿ ಹೊಂದಿಸಬೇಕಾದ ಮೆಟ್ಟಿಲುಗಳೇ ಇಲ್ಲ. ಅಗ್ಗದ ಪ್ಲೇಯರೂ ಸಣ್ಣ ಸದ್ದನ್ನು ನೇರವಾಗಿ ನುಡಿಸತೊಡಗಿತು.

ಆಮೇಲೆ ತಕರಾರು ಗಡಿಯಾರದತ್ತ ತಿರುಗಿತು. ಡಿಸ್ಕ್ ಓದುವ ಟ್ರಾನ್ಸ್‌ಪೋರ್ಟು, ನಾದ ಮಾಡುವ ಡ್ಯಾಕು ಎಂದು ಪೆಟ್ಟಿಗೆ ಎರಡಾದಾಗ ನಡುವಿನ ಕೇಬಲಿನಲ್ಲೇ ಕಾಲದ ಗುರುತೂ ಸಾಗಬೇಕಾಯಿತು. ಅದು ಅಲುಗಿದರೆ ಹುಟ್ಟುವ ಜಿಟ್ಟರ್, ಎಳೆದು ನಿಲ್ಲಿಸಿದ ಸ್ವರದ ಅಕ್ಕಪಕ್ಕ ಇಲ್ಲದ ಸ್ವರಗಳ ನೆರಳು ಬೀರುತ್ತದೆ. ವಾಡಿಯಾ, ಡಿಸಿಎಸ್ ಹೆಸರು ಮಾಡಿದ್ದು ಡ್ಯಾಕ್‌ಗಳಲ್ಲಿ. ಟಿಯಾಕ್‌ನ ವಿಆರ್‌ಡಿಎಸ್ ಡಿಸ್ಕಿನ ಇಡೀ ಮೈಯನ್ನು ಒಂದು ಭಾರದ ತಟ್ಟೆಗೆ ಒತ್ತಿ ಹಿಡಿಯಿತು. ಇಂಥ ಯಾಂತ್ರಿಕ ಕೌಶಲ ನೋಡುವುದಕ್ಕೇ ಸೊಗಸು.

1999ರಲ್ಲಿ ಸೋನಿ ಎಸ್‌ಸಿಡಿ-1 ಜೊತೆ, ಸಿಡಿಗಿಂತ ಹೆಚ್ಚು ಸೂಕ್ಷ್ಮವೆನ್ನಲಾದ ಸೂಪರ್ ಆಡಿಯೋ ಸಿಡಿ ಬಂತು. ಆದರೆ 2007ರಲ್ಲಿ ಮೇಯರ್ ಮತ್ತು ಮೊರಾನ್ ಪ್ರಕಟಿಸಿದ ಪರೀಕ್ಷೆಯಲ್ಲಿ, ಅದೇ ಸದ್ದನ್ನು 16 ಬಿಟ್ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದಾಗ ಸಾಮಾನ್ಯ ಸದ್ದಿನ ಮಟ್ಟದಲ್ಲಿ ಕೇಳುಗರು ವ್ಯತ್ಯಾಸ ಹಿಡಿಯಲಿಲ್ಲ. ಅಲ್ಲಿಗೆ ಹೈ-ಎಂಡ್ ವಾದದ ಒಂದು ಕಾಲು ಮುರಿಯಿತೆಂದೇ ನನ್ನ ಅಭಿಪ್ರಾಯ. ಲಿನ್ ಕಂಪನಿ 2009ರಲ್ಲಿ ಸಿಡಿ ಪ್ಲೇಯರ್ ತಯಾರಿಕೆಯನ್ನೇ ಬಿಟ್ಟಿತು. ಮರಾಂಟ್ಸ್, ಎಸೋಟೆರಿಕ್ ಬಿಡಲಿಲ್ಲ.

ಇನ್ನು ಮೋಗೂಬಾಯಿಯವರ 78 ಆರ್‌ಪಿಎಂ ತಟ್ಟೆಗಳಿಂದ ಸಿಡಿಗೆ ಇಳಿಸಿದ ಹಾಡುಗಳಿಗೆ ಲಕ್ಷಗಟ್ಟಲೆಯ ಪ್ಲೇಯರ್ ಏನೂ ಸೇರಿಸಲಾರದು. ತಟ್ಟೆಯ ಸರಸರ ಸದ್ದಿನಡಿ ಹೋದದ್ದು ಹೋಯಿತು. ಕಿಶೋರಿಯವರ ಸ್ಟುಡಿಯೋ ಮುದ್ರಣಗಳಲ್ಲಿ ಒಳ್ಳೆಯ ಪ್ಲೇಯರಿಗೂ ಸಾಧಾರಣದಕ್ಕೂ ಅಂತರ ಇದ್ದೀತು, ಆದರೆ ಸ್ಪೀಕರ್ ಬದಲಿಸಿದರೆ ಕೇಳುವ ಅಂತರದ ಮುಂದೆ ಅದು ಅಲ್ಪ.

ಸಾವರ್ಡೆಯಲ್ಲಿ ಹೋಲಿಸಬೇಕಾದದ್ದು ಬೇರೆಯೇ ಇದೆ. ಅದಿರಿನ ಲಾರಿಗಳು ಎಬ್ಬಿಸಿದ ಕೆಂಪು ಧೂಳು ಲೆನ್ಸಿನ ಮೇಲೆ ಕೂರುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುವ ನೆಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಟ್ರೇ ಎಳೆಯುವ ರಬ್ಬರ್ ಬೆಲ್ಟ್ ಸಡಿಲುತ್ತದೆ. ಫಿಲಿಪ್ಸ್‌ನ ಸಿಡಿಎಂ-1 ಯಂತ್ರಕ್ಕೆ ಎರಕದ ಲೋಹದ ಮೈ, ಗಾಜಿನ ಲೆನ್ಸ್ ಇತ್ತು. ಹೈ-ಎಂಡ್ ಪ್ಲೇಯರ್‌ಗಳು ನೆಚ್ಚಿದ್ದ ಸಿಡಿ-ಪ್ರೊ2 ಯಂತ್ರದ ತಯಾರಿಕೆ ನಿಂತ ಮೇಲೆ ಎಷ್ಟೋ ದುಬಾರಿ ಪೆಟ್ಟಿಗೆಗಳು ಒಂದು ಲೇಸರಿಗಾಗಿ ಕಾಯುತ್ತಿವೆ. ಹಾಗಾಗಿ ಇಲ್ಲಿನವರು ಹಳೆಯ ಹೈ-ಎಂಡ್ ಪ್ಲೇಯರ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಅದರೊಳಗಿನ ಲೇಸರಿನ ನಂಬರು, ಅದು ಇನ್ನೂ ಸಿಗುತ್ತದೆಯೇ ಎಂಬುದು. ಲೇಸರ್ ಸುಲಭವಾಗಿ ಸಿಗುವ ಟ್ರಾನ್ಸ್‌ಪೋರ್ಟು, ಬೇರೆಯದೊಂದು ಡ್ಯಾಕು ತೆಗೆದುಕೊಂಡರೆ ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಸಾಧಾರಣ ಬೆಲೆಯ ಇಂದಿನ ಒಳ್ಳೆಯ ಡ್ಯಾಕ್‌ನ ಗದ್ದಲ, ವಿರೂಪ ಎರಡೂ 16 ಬಿಟ್ಟಿನ ಮಿತಿಗಿಂತ ಕೆಳಗೇ ಇವೆ. ಉಳಿದ ಹಣ ಸ್ಪೀಕರಿಗೆ ಹೋಗಲಿ.