ಅದೇ ಹೆಸರು, ಬೇರೆ ಒಡಲು

2025ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಉಬುಂಟು 25.10 ಎಂಬ ಲಿನಕ್ಸ್ ಆವೃತ್ತಿ ಹಾಕಿಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಬದಲಾದಂತೆ ಕಾಣಲಿಲ್ಲ. ಟರ್ಮಿನಲ್ ತೆರೆದು ಎಲ್‌ಎಸ್ ಎಂದು ಟೈಪಿಸಿದರೆ ಫೈಲುಗಳ ಪಟ್ಟಿ ಎಂದಿನಂತೆಯೇ ಬರುತ್ತಿತ್ತು. ಆದರೆ ಆ ಹೆಸರಿನ ಹಿಂದೆ ದುಡಿಯುತ್ತಿದ್ದ ಪ್ರೋಗ್ರಾಮು ಬೇರೆಯಾಗಿತ್ತು. ಇಂಥ ಮೂಲ ಆಜ್ಞೆಗಳ ಕಟ್ಟಾದ, ಸಿ ಭಾಷೆಯ ಗ್ನೂ ಕೋರ್‌ಯುಟಿಲ್ಸ್ ಕೂತಿದ್ದ ಜಾಗದಲ್ಲಿ, ಮೆಮೊರಿ ದೋಷಗಳನ್ನು ತಡೆಯುವ ರಸ್ಟ್ ಭಾಷೆಯಲ್ಲಿ ಹೊಸದಾಗಿ ಬರೆದ ಯುಯುಟಿಲ್ಸ್ ಬಂದು ಕೂತಿತ್ತು.

ಎಡವಟ್ಟು ಬಯಲಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಡೇಟ್ ಆಜ್ಞೆಗೆ ‘-ಆರ್’ ಎಂಬ ಆಯ್ಕೆ ಕೊಟ್ಟು ಒಂದು ಫೈಲಿನ ಹೆಸರು ಹೇಳಿದರೆ ಆ ಫೈಲು ಕೊನೆಯ ಬಾರಿ ಬದಲಾದ ಸಮಯವನ್ನು ತೋರಿಸಬೇಕು. ಹೊಸ ಡೇಟ್ ಆ ಆಯ್ಕೆಯನ್ನು ಚಕಾರವೆತ್ತದೆ ಒಪ್ಪಿಕೊಂಡು ಈಗಿನ ಸಮಯವನ್ನೇ ತೋರಿಸುತ್ತಿತ್ತು. ಅಪ್‌ಡೇಟ್‌ಗಳನ್ನು ತಾನಾಗಿ ತರಿಸುವ ಸ್ಕ್ರಿಪ್ಟು ‘ಕಳೆದ ಸಲ ಯಾವಾಗ ನೋಡಿದೆ’ ಎಂದು ಕೇಳುತ್ತಿದ್ದುದು ಇದೇ ಡೇಟನ್ನು. ‘ಈಗಷ್ಟೇ’ ಎಂಬ ಉತ್ತರ ಸಿಕ್ಕಿದ ಮೇಲೆ ಅದು ಸುಮ್ಮನಾಗುತ್ತಿತ್ತು. ಸುರಕ್ಷತೆಗೆಂದು ಮಾಡಿದ ಬದಲಾವಣೆಯೇ ಸುರಕ್ಷತೆಯ ಅಪ್‌ಡೇಟುಗಳನ್ನು ತಡೆದು ಕೂರಿಸಿತ್ತು. ತಿದ್ದುಪಡಿ ಬೇಗ ಬಂತು, ನಿಜ. ಆದರೂ ಈ ಘಟನೆಯನ್ನು ರಸ್ಟ್ ಭಾಷೆಯ ಸೋಲು ಎಂದು ಓದಿದವರು ಅವಸರ ಮಾಡಿದರು ಎಂದೇ ನನಗನಿಸುತ್ತದೆ. ಡೇಟ್ ಆಜ್ಞೆಯಂಥ ಯುನಿಕ್ಸ್ ಸಲಕರಣೆಗಳನ್ನು ಮರಳಿ ಬರೆಯುವ ಚಾಳಿಗೆ ಅರ್ಧ ಶತಮಾನದ ವಯಸ್ಸಾಗಿದೆ, ಮತ್ತು ಪ್ರತಿ ಸಲವೂ ತೊಡಕು ಹೆಚ್ಚುಕಡಿಮೆ ಒಂದೇ ಕಡೆ ಎದ್ದಿದೆ.

ಮೊದಲ ಮರುಬರಹ ಯುನಿಕ್ಸ್‌ನ ಮನೆಯಲ್ಲೇ ನಡೆಯಿತು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಶುರುಮಾಡಿದ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆ ಇದ್ದುದು ಅಸೆಂಬ್ಲಿ ಭಾಷೆಯಲ್ಲಿ. 1973ರಲ್ಲಿ ಅದರ ತಿರುಳು ಸಿ ಭಾಷೆಗೆ ಬಂತು. ಅದೇ ವರ್ಷ ಡಗ್ ಮೆಕ್‌ಇಲ್‌ರಾಯ್ ಅವರ ಒತ್ತಾಯಕ್ಕೆ ‘ಪೈಪ್’ ಕೂಡ ಬಂತು. ಒಂದು ಆಜ್ಞೆಯ ಫಲಿತಾಂಶವನ್ನು ಇನ್ನೊಂದಕ್ಕೆ ನೇರ ಹರಿಸುವ ಈ ಸೌಲಭ್ಯ ಸಿಕ್ಕಿದ ಮೇಲೆ ಸಣ್ಣ ಸಣ್ಣ ಸಲಕರಣೆಗಳ ಬೆಲೆ ಒಮ್ಮೆಗೇ ಏರಿತು. ಒಂದು ಬರೆದದ್ದನ್ನು ಇನ್ನೊಂದು ಓದುವುದು ಮಾಮೂಲಾಯಿತು. ಅಲ್ಲಿಂದ ಮುಂದೆ ಯಾವ ಸಲಕರಣೆಯ ಮಾತೂ ಅದರದ್ದಷ್ಟೇ ಆಗಿ ಉಳಿಯಲಿಲ್ಲ. ಯಾವ ಸಾಲು ಎಲ್ಲಿ ಮುರಿಯುತ್ತದೆ, ತಪ್ಪಾದಾಗ ಯಾವ ಸಂಖ್ಯೆ ಹಿಂತಿರುಗುತ್ತದೆ ಎಂಬುದರ ಮೇಲೆ ಬೇರೆಯವರ ಸ್ಕ್ರಿಪ್ಟುಗಳು ನಿಂತುಬಿಟ್ಟವು.

ಬೇರೆ ಭಾಷೆಯಲ್ಲಿ ಬರೆದು ನೋಡುವ ಪ್ರಯೋಗ ಶುರುವಾಗಿದ್ದು 1976ರಲ್ಲೇ. ಬ್ರಯನ್ ಕರ್ನಿಘನ್ ಮತ್ತು ಪಿ. ಜೆ. ಪ್ಲಾಗರ್ ಅವರ ‘ಸಾಫ್ಟ್‌ವೇರ್ ಟೂಲ್ಸ್’ ಪುಸ್ತಕ ಯುನಿಕ್ಸ್ ಶೈಲಿಯ ಸಲಕರಣೆಗಳನ್ನು ರ‍್ಯಾಟ್‌ಫಾರ್‌ನಲ್ಲಿ, ಅಂದರೆ ಫೋರ್ಟ್ರಾನ್‌ನ ಕೊಂಚ ನಯಗೊಳಿಸಿದ ರೂಪದಲ್ಲಿ, ಬರೆದು ತೋರಿಸಿತು. ಯುನಿಕ್ಸ್ ಇಲ್ಲದ ಯಂತ್ರಗಳಲ್ಲೂ ಆ ಸೊಗಸು ಸಿಗಲಿ ಎಂಬುದು ಉದ್ದೇಶ. 1981ರಲ್ಲಿ ಅದೇ ಪುಸ್ತಕ ಪ್ಯಾಸ್ಕಲ್ ಭಾಷೆಯಲ್ಲಿ ಮತ್ತೆ ಬಂತು. 1999ರಲ್ಲಿ ಟಾಮ್ ಕ್ರಿಶ್ಚಿಯನ್‌ಸನ್ ಪರ್ಲ್ ಭಾಷೆಯಲ್ಲಿ ಇಂಥದೇ ಸಾಹಸಕ್ಕೆ ಕೈಹಾಕಿದರು. ಇವು ಕಲಿಸಿದ್ದು ಬಹಳ, ಆದರೆ ಮೂಲವನ್ನು ಜಾಗ ಬಿಡಿಸಲಿಲ್ಲ.

ಜಾಗ ಬಿಡಿಸಿದ ಮರುಬರಹಗಳ ಹಿಂದೆ ಇದ್ದದ್ದು ಕಾನೂನು. ಯುನಿಕ್ಸ್‌ನ ಕೋಡು ಎಟಿ&ಟಿ ಕಂಪನಿಯ ಸ್ವತ್ತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದಾಗ, ಪ್ರತಿ ಸಲಕರಣೆಯನ್ನೂ ಮೂಲದ ಕೋಡು ನೋಡದೆ ಬರೆಯಬೇಕಿತ್ತು. ಬರೆದದ್ದು ನಕಲಿನಂತೆ ಕಾಣದಿರಲು ಗ್ನೂ ಕೊಟ್ಟ ಸಲಹೆ ಸ್ವಾರಸ್ಯಕರ: ಮೂಲ ಪ್ರೋಗ್ರಾಮು ಮೆಮೊರಿ ಉಳಿಸಲು ಒದ್ದಾಡಿದ್ದರೆ ನೀವು ವೇಗಕ್ಕೆ ಒದ್ದಾಡಿ, ಸಾಲಿನ ಉದ್ದಕ್ಕೆ ಅಲ್ಲಿ ಮಿತಿಯಿದ್ದರೆ ನಿಮ್ಮಲ್ಲಿ ಮಿತಿಯೇ ಬೇಡ. ನಕಲಿನ ಆರೋಪ ತಪ್ಪಿಸಿಕೊಳ್ಳಲು ಹೂಡಿದ ಉಪಾಯದಿಂದ ಮೂಲಕ್ಕಿಂತ ಗಟ್ಟಿಯಾದ ಸಲಕರಣೆಗಳು ಹುಟ್ಟಿದವು.

ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕೀತ್ ಬಾಸ್ಟಿಕ್ ಹಿಡಿದ ದಾರಿ ಇನ್ನೂ ಸರಳ. ಸಿಕ್ಕ ಸಭೆಗಳಲ್ಲೆಲ್ಲ ಜನರನ್ನು ಹಿಡಿದು, ಪ್ರಕಟವಾದ ವಿವರಣೆಯನ್ನಷ್ಟೇ ಇಟ್ಟುಕೊಂಡು ಒಂದೊಂದು ಸಲಕರಣೆ ಬರೆದುಕೊಡಿ ಎಂದು ಕೇಳಿದರು. ಸಂಭಾವನೆ ಎಂದರೆ ಪಟ್ಟಿಯಲ್ಲಿ ಒಂದು ಹೆಸರು. ಸುಮಾರು ಒಂದೂವರೆ ವರ್ಷದಲ್ಲಿ ಮುಖ್ಯವಾದ ಬಹುಪಾಲು ಸಲಕರಣೆಗಳು ಹೊಸದಾಗಿ ಸಿದ್ಧವಾಗಿ, ಬರ್ಕ್ಲಿಯ ಯುನಿಕ್ಸ್ ಆವೃತ್ತಿಯಾದ ಬಿಎಸ್‌ಡಿಯ 1991ರ ಬಿಡುಗಡೆಯಲ್ಲಿ ಸೇರಿದವು. ಆದರೂ ಯುನಿಕ್ಸ್‌ನ ಮಾಲೀಕರ ಕಡೆಯಿಂದ 1992ರಲ್ಲಿ ದಾವೆ ಬಿತ್ತು, 1994ರಲ್ಲಿ ರಾಜಿಯಾಯಿತು. ಇಂದಿನ ಯುಯುಟಿಲ್ಸ್ ತಂಡ ಗ್ನೂ ಕೋಡನ್ನು ನೋಡಬೇಡಿ ಎಂದು ತನ್ನ ಬರಹಗಾರರಿಗೆ ಹೇಳುವುದರ ಹಿಂದೆ ಈ ಇತಿಹಾಸದ ನೆರಳಿದೆ. ಸದ್ಯದ ತಕರಾರು ಮಾತ್ರ ತಿರುವುಮುರುವು. ಗ್ನೂ ಪರವಾನಗಿ, ಬದಲಾಯಿಸಿ ಹಂಚಿದವರು ತಮ್ಮ ಕೋಡನ್ನೂ ಬಿಟ್ಟುಕೊಡಬೇಕು ಎನ್ನುತ್ತದೆ. ಯುಯುಟಿಲ್ಸ್‌ನ ಎಂಐಟಿ ಪರವಾನಗಿಯಲ್ಲಿ ಆ ಷರತ್ತಿಲ್ಲ. ಈ ಆಕ್ಷೇಪವನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಸುರಕ್ಷತೆಯ ಮಾತು ಮೊದಲು ಬಂದದ್ದು ಒಂದು ಮಳೆಯ ರಾತ್ರಿ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಫೋನ್ ತಂತಿಯ ಮೂಲಕ ಕಂಪ್ಯೂಟರಿಗೆ ಲಾಗಿನ್ ಆಗಿದ್ದಾಗ ಗುಡುಗು ಮಳೆಗೆ ತಂತಿಯಲ್ಲಿ ಅಡ್ಡಾದಿಡ್ಡಿ ಅಕ್ಷರಗಳು ನುಸುಳಿದವು. ಸಲಕರಣೆಗಳು ಸಾಲುಸಾಲಾಗಿ ಕುಸಿದವು. ಆಮೇಲೆ ಅವರು ವಿದ್ಯಾರ್ಥಿಗಳಿಂದ ಬೇಕೆಂದೇ ಅಂಥ ಕಸವನ್ನು ಸಲಕರಣೆಗಳಿಗೆ ತಿನ್ನಿಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ: ಪರೀಕ್ಷಿಸಿದ ಯಾವ ಯುನಿಕ್ಸ್‌ನಲ್ಲೂ ಶೇ. 25ರಿಂದ 33ರಷ್ಟು ಸಲಕರಣೆಗಳು ಕುಸಿಯುತ್ತಿದ್ದವು. 1995ರಲ್ಲಿ ಮತ್ತೆ ಪರೀಕ್ಷಿಸಿದಾಗ ಗ್ನೂ ಸಲಕರಣೆಗಳ ಕುಸಿತ ಶೇ. 10ಕ್ಕಿಂತ ಕೆಳಗಿತ್ತು. ಸಿ ಭಾಷೆಯಲ್ಲೇ ಮರಳಿ ಬರೆದರೂ ಇಷ್ಟು ಸುಧಾರಿಸಿತ್ತು ಎಂಬುದನ್ನು ಇಂದಿನ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ.

ಜಾಗ ಉಳಿಸಲೆಂದು ನಡೆದ ಮರುಬರಹವೂ ಉಂಟು. ಇದೇ ಹೊತ್ತಿಗೆ ಬ್ರೂಸ್ ಪೆರೆನ್ಸ್ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಒಂದು ಫ್ಲಾಪಿಯಲ್ಲಿ ಹಿಡಿಸಲು ಬ್ಯುಸಿಬಾಕ್ಸ್ ಕಟ್ಟಿದರು. ಹತ್ತಾರು ಆಜ್ಞೆಗಳು ಒಂದೇ ಪ್ರೋಗ್ರಾಮಿನೊಳಗೆ. ಯಾವ ಹೆಸರಿನಿಂದ ಕರೆದರೆ ಆ ಕೆಲಸ. ಮನೆಮನೆಯ ವೈಫೈ ರೂಟರುಗಳ ಒಳಗೆ ಈಗ ಅದರದೇ ವಾಸ. ಇದೇ ಬಗೆಯ, ರಾಬ್ ಲ್ಯಾಂಡ್ಲಿಯವರ ಟಾಯ್‌ಬಾಕ್ಸ್ ಆಂಡ್ರಾಯ್ಡ್ ಫೋನುಗಳಿಗೆ ಹೊಕ್ಕಿತು.

ರಸ್ಟ್‌ನ ಅಲೆಯಲ್ಲಿ ಎರಡು ಬೇರೆ ಬೇರೆ ಧಾರೆಗಳಿವೆ, ಅವನ್ನು ಬೆರೆಸಿ ಮಾತಾಡುವುದರಿಂದ ಗೊಂದಲವಾಗುತ್ತದೆ. ಒಂದು, ಹೆಸರನ್ನೂ ನಡತೆಯನ್ನೂ ಬದಲಿಸಿಕೊಂಡು ಹೊರಟದ್ದು. ಆಂಡ್ರ್ಯೂ ಗ್ಯಾಲಂಟ್ 2016ರಲ್ಲಿ ಹೊರತಂದ ರಿಪ್‌ಗ್ರೆಪ್ ಇದರ ಮೇಲ್ಪಂಕ್ತಿ. ಫೈಲುಗಳೊಳಗೆ ಪಠ್ಯ ಹುಡುಕುವ ಗ್ರೆಪ್‌ನ ಕೆಲಸವನ್ನೇ ಮಾಡುತ್ತದೆ, ಆದರೆ ಗ್ರೆಪ್‌ನ ಜಾಗಕ್ಕೆ ಬಂದೆ ಎನ್ನುವುದಿಲ್ಲ. ಕೋಡಿನ ಆವೃತ್ತಿಗಳನ್ನು ನೋಡಿಕೊಳ್ಳುವ ಗಿಟ್ ಕಡೆಗಣಿಸುವ ಫೈಲುಗಳನ್ನು ತಾನೂ ಬಿಟ್ಟು, ಹಲವು ಕೋರ್‌ಗಳಿಗೆ ಕೆಲಸ ಹಂಚಿ ಹುಡುಕುತ್ತದೆ. ಕೋಡು ಬರೆಯುವ ವಿಎಸ್ ಕೋಡ್‌ ಎಡಿಟರಿನಲ್ಲಿ ಹುಡುಕುವವರೆಲ್ಲ ಅರಿವಿಲ್ಲದೆಯೇ ಇದನ್ನು ಬಳಸುತ್ತಿದ್ದಾರೆ. ಡೇವಿಡ್ ಪೀಟರ್ ಅವರ, ಫೈಲು ಹುಡುಕುವ ಎಫ್‌ಡಿ ಮತ್ತು ಫೈಲು ತೋರಿಸುವ ಬ್ಯಾಟ್ ಇದೇ ಜಾತಿಯವು. ಹಳೆಯ ಸ್ಕ್ರಿಪ್ಟುಗಳ ಋಣ ಇವುಗಳ ಮೇಲಿಲ್ಲ, ಹಾಗಾಗಿ ಇವು ಹಗುರ.

ಎರಡನೆಯದು ಋಣವನ್ನೂ ಹೊತ್ತು ಹೊರಟದ್ದು. ರಸ್ಟ್ 1.0 ಬಂದದ್ದು 2015ರಲ್ಲಿ. ಜೋರ್ಡಿ ಬೊಜಿಯಾನೊ ಯುಯುಟಿಲ್ಸ್ ಶುರುಮಾಡಿದ್ದು ಅದಕ್ಕೂ ಮುಂಚೆ, 2013ರಲ್ಲಿ. ಡೆಬಿಯನ್‌ನ ಸಿಲ್ವೆಸ್ತ್ರ್ ಲೆದ್ರು ಕೈಗೆತ್ತಿಕೊಂಡ ಮೇಲೆ ಅದಕ್ಕೆ ಗುರಿ ಸ್ಪಷ್ಟವಾಯಿತು: ಗ್ನೂಗಿಂತ ಬೇರೆಯಾಗಿ ವರ್ತಿಸಿದರೆ ಅದು ದೋಷವೆಂದೇ ಲೆಕ್ಕ. ಅಳತೆಗೋಲು ಗ್ನೂವಿನದೇ ಪರೀಕ್ಷೆಗಳು. 2025ರ ಹೊತ್ತಿಗೆ 600ಕ್ಕೂ ಹೆಚ್ಚಿನ ಪರೀಕ್ಷೆಗಳಲ್ಲಿ 500ಕ್ಕೂ ಹೆಚ್ಚು ಪಾಸಾಗುತ್ತಿದ್ದವು. ಡೇಟ್ ಎಡವಿದ್ದು ಪರೀಕ್ಷೆಗಳ ಕಣ್ಣಿಗೆ ಬೀಳದ ಸಂದಿಯಲ್ಲಿ. ಸಿಕ್ಕ ಕೊರತೆಗಳನ್ನು ಯುಯುಟಿಲ್ಸ್ ತಂಡ ಗ್ನೂಗೂ ತಿಳಿಸುತ್ತದೆ, ಹೊಸ ಪರೀಕ್ಷೆಗಳು ಅಲ್ಲಿಗೂ ಸೇರುತ್ತವೆ. ಈ ಇಡೀ ಅಲೆಯ ಬೆಲೆಬಾಳುವ ಫಸಲು ನನ್ನ ಮಟ್ಟಿಗೆ ಇದೇ.

ರಸ್ಟ್ ಬೇಕೇ ಬೇಕು ಎನ್ನುವವರ ಗಟ್ಟಿ ವಾದ ಸಿಗುವುದು ಎಲ್‌ಎಸ್‌ನಲ್ಲಲ್ಲ, ಸುಡೂನಲ್ಲಿ. ಸಾಮಾನ್ಯ ಬಳಕೆದಾರನಿಗೆ ಮೇಲಧಿಕಾರ ಕೊಡುವ ಈ ಪ್ರೋಗ್ರಾಮಿಗೆ 2011ರಲ್ಲಿ ಮೆಮೊರಿಯ ಗಡಿ ಮೀರಿ ಬರೆಯುವ ಒಂದು ದೋಷ ಸೇರಿತು. ಅದನ್ನು ಕ್ವಾಲಿಸ್ ಸಂಸ್ಥೆ ಬಯಲಿಗೆಳೆದದ್ದು 2021ರ ಜನವರಿಯಲ್ಲಿ. ಗಡಿ ಮೀರಿದ ಬರಹ ರಸ್ಟ್‌ನಲ್ಲಿ ಸಾಮಾನ್ಯವಾಗಿ ಒಂದೋ ಕಂಪೈಲರ್ ಕೈಯಲ್ಲಿ ಸಿಕ್ಕಿಬೀಳುತ್ತದೆ, ಇಲ್ಲವೇ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತದೆ; ಯಂತ್ರದ ಕೀಲಿ ಕಳ್ಳನ ಕೈಸೇರುವುದಿಲ್ಲ. 2023ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಸುಡೂ-ಆರ್‌ಎಸ್ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಆದರೆ 2025ರಲ್ಲಿ ಮೂಲ ಸುಡೂನಲ್ಲಿ ಸಿಕ್ಕ ಇನ್ನೊಂದು ಗಂಭೀರ ದೋಷ ಮೆಮೊರಿಯದ್ದಲ್ಲ, ತರ್ಕದ್ದು. ಅದೇ ವರ್ಷ ಸುಡೂ-ಆರ್‌ಎಸ್‌ನಲ್ಲೂ, ಕಾಯುವ ಸಮಯ ಮುಗಿದರೆ ಅರ್ಧ ಟೈಪಿಸಿದ ಪಾಸ್‌ವರ್ಡ್ ತೆರೆಯ ಮೇಲೆ ಕಾಣಿಸಿಕೊಳ್ಳುವ ತಪ್ಪು ಸಿಕ್ಕಿತು. 2022ರಲ್ಲಿ ರಸ್ಟ್‌ನ ಸ್ವಂತ ಲೈಬ್ರರಿಯಲ್ಲೇ ಫೋಲ್ಡರ್ ಅಳಿಸುವ ಕೆಲಸದಲ್ಲಿ ಒಂದು ಬಿರುಕಿತ್ತು: ಪರಿಶೀಲಿಸಿದ ಕ್ಷಣಕ್ಕೂ ಅಳಿಸುವ ಕ್ಷಣಕ್ಕೂ ನಡುವೆ ಕಿಡಿಗೇಡಿಯೊಬ್ಬ ಫೋಲ್ಡರನ್ನು ಬದಲಿಸಿಟ್ಟರೆ ಬೇರೆಯದೇ ಅಳಿದುಹೋಗುತ್ತಿತ್ತು. ಇಂಥವನ್ನು ಯಾವ ಕಂಪೈಲರೂ ಹಿಡಿಯುವುದಿಲ್ಲ.

ಕನ್ನಡದ ಪಠ್ಯವನ್ನು ಈ ಸಲಕರಣೆಗಳಿಗೆ ಕೊಟ್ಟು ನೋಡಿದರೆ ನಡತೆಯ ಪ್ರಶ್ನೆ ಇನ್ನೂ ಹತ್ತಿರದಿಂದ ಕಾಣುತ್ತದೆ. ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಎಂಬ ಯುನಿಕೋಡ್ ಬರಹಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ‘ಕನ್ನಡ’ ಎಂಬ ಪದವನ್ನು ಡಬ್ಲ್ಯುಸಿ ಎಂಬ ಎಣಿಕೆಯ ಆಜ್ಞೆ ಬೈಟುಗಳಲ್ಲಿ ಎಣಿಸಿದರೆ 15, ಸಂಕೇತಗಳಲ್ಲಿ ಎಣಿಸಿದರೆ 5. ನಾವು ಎಣಿಸಿದರೆ ಮೂರೇ ಅಕ್ಷರ. ಗ್ನೂ ಕಟ್ ಆಜ್ಞೆಗೆ ಮೊದಲ ಅಕ್ಷರ ಕೊಡು ಎಂದರೆ ದಶಕಗಳ ಕಾಲ ಅದು ಮೊದಲ ಬೈಟನ್ನಷ್ಟೇ ಕತ್ತರಿಸಿ ಕೊಟ್ಟಿತು, ಓದಲು ಬಾರದ ಚೂರು. ಸಾಲುಗಳನ್ನು ಕ್ರಮವಾಗಿ ಜೋಡಿಸುವ ಸಾರ್ಟ್‌ನ ಕಥೆ ಬೇರೆ. ಯುನಿಕೋಡ್‌ನಲ್ಲಿ ‘ಳ’ ಇರುವುದು ‘ಲ’ದ ಪಕ್ಕ, ‘ವ’ಕ್ಕಿಂತ ಮುಂಚೆ; ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ‘ಹ’ದ ನಂತರ. ಬೈಟುಗಳ ಕ್ರಮದಲ್ಲಿ ಜೋಡಿಸಿದರೆ ‘ಬಸಳೆ’ಗಿಂತ ಮೊದಲು ‘ಬಳೆ’ ಬರುತ್ತದೆ, ನಿಘಂಟಿಗೆ ವಿರುದ್ಧವಾಗಿ. ಆಯಾ ಭಾಷೆಯ ಕ್ರಮ ಹೇಳುವ ಲೊಕೇಲ್ ನಿಯಮಗಳನ್ನು ಪಾಲಿಸುವ ವ್ಯವಸ್ಥೆ ಯುಯುಟಿಲ್ಸ್‌ನ ಸಾರ್ಟ್‌ನಲ್ಲಿ ಆರಂಭದ ವರ್ಷಗಳಲ್ಲಿ ಇರಲೇ ಇಲ್ಲ. ಹೊಸ ಭಾಷೆಯಲ್ಲಿ ಬರೆದ ಮಾತ್ರಕ್ಕೆ ಇದು ತಾನಾಗಿ ಒದಗುವುದಿಲ್ಲ, ಯಾರೋ ಕೂತು ಸೇರಿಸಬೇಕು.

ಪಠ್ಯ ಸಂಸ್ಕರಿಸುವ ಆಕ್ ಎಂಬ ಸಲಕರಣೆಯ ವಿಷಯದಲ್ಲಿ ಹಾಗೆ ಕೂತವರು ಕರ್ನಿಘನ್. ಸಹೋದ್ಯೋಗಿಗಳಾದ ಆಹೊ, ವೈನ್‌ಬರ್ಗರ್ ಜೊತೆ 1977ರಲ್ಲಿ ತಾವೇ ಕಟ್ಟಿದ ಆ ಸಲಕರಣೆಗೆ 2022ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಯುನಿಕೋಡ್ ಬೆಂಬಲ ಸೇರಿಸಿದರು. ಮರುಬರಹಕ್ಕೆ ಹೋಗಲಿಲ್ಲ, ಹಳೆಯ ಸಿ ಕೋಡನ್ನೇ ತಿದ್ದಿದರು.