ಹಾಸಿಗೆಯ ಬದಿಯ ಅಲ್ಟ್ರಾಸೌಂಡ್: ಚಿಹ್ನೆ ಮತ್ತು ರೂಪಕ

ಎದೆಯೊಳಗಿನ ರೋಗವನ್ನು ಹೊರಗಿನಿಂದ ಅರಿಯುವ ಪ್ರಯತ್ನ ಹಳೆಯದು. 1761ರಲ್ಲಿ ವಿಯೆನ್ನಾದ ಔಯೆನ್‌ಬ್ರುಗರ್ ಎದೆಯನ್ನು ಬೆರಳಿನಿಂದ ತಟ್ಟಿ ಆಲಿಸುವ ವಿಧಾನವನ್ನು ಪ್ರಕಟಿಸಿದನು; 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದದ ಸುರುಳಿಯಿಂದ ಸ್ಟೆತಾಸ್ಕೋಪಿಗೆ ನಾಂದಿ ಹಾಡಿದನು. ಕಿವಿಯ ಈ ಪರಂಪರೆಗೆ ಅಲ್ಟ್ರಾಸೌಂಡ್ ಕಣ್ಣನ್ನು ಜೋಡಿಸಿತು.

ಗಾಳಿಯು ಧ್ವನಿತರಂಗಗಳನ್ನು ತಡೆಯುವುದರಿಂದ ಶ್ವಾಸಕೋಶವು ಈ ಪರೀಕ್ಷೆಗೆ ಒಗ್ಗದೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಫ್ರಾನ್ಸಿನ ತೀವ್ರನಿಗಾ ತಜ್ಞ ಡೇನಿಯಲ್ ಲಿಕ್ಟೆನ್‌ಸ್ಟೈನ್ ಅದನ್ನು ಅಲ್ಲಗಳೆದರು. ತೆರೆಯ ಆಕೃತಿಗಳಿಗೆ ಅವರು ಬಳಸಿದ ಹೆಸರುಗಳು ಗಮನಾರ್ಹವಾಗಿವೆ. ಎರಡು ಪಕ್ಕೆಲುಬುಗಳು ರೆಕ್ಕೆಗಳಾಗಿ, ನಡುವಣ ಶ್ವಾಸಕೋಶದ ಪೊರೆಯು ಬೆನ್ನಾಗಿ ಕಾಣುವುದು 'ಬಾವಲಿ'. ಉಸಿರಿನೊಡನೆ ಪೊರೆ ಜಾರುತ್ತಿದ್ದರೆ ಎಂ-ಮೋಡ್ ಚಿತ್ರದಲ್ಲಿ ಮೇಲೆ ಅಲೆಗಳಂತಹ ಗೆರೆ, ಕೆಳಗೆ ಮರಳಿನಂತಹ ಹರವು; ಇದು 'ಕಡಲತೀರ'. ಮರಳು ಮಾಯವಾಗಿ ಗೆರೆಗಳಷ್ಟೇ ಉಳಿದರೆ ಪೊರೆಗಳ ನಡುವೆ ಗಾಳಿ ಸೇರಿರುವ ಶಂಕೆ ಮೂಡುತ್ತದೆ. ಜಾರಿಕೆ ನಿಲ್ಲಲು ಅನ್ಯ ಕಾರಣಗಳೂ ಇರುವುದರಿಂದ, ಜಾರುವ ಹಾಗೂ ಜಾರದ ಭಾಗಗಳು ಸಂಧಿಸುವ 'ಶ್ವಾಸಕೋಶ ಬಿಂದು' ಕಂಡಾಗ ಅದು ದೃಢಪಡುತ್ತದೆ.

2008ರಲ್ಲಿ ಪ್ರಕಟವಾದ ಅವರ 'ಬ್ಲೂ' ಕ್ರಮವು ತೀವ್ರ ಉಸಿರಾಟದ ವೈಫಲ್ಯವಿದ್ದ 260 ರೋಗಿಗಳ ಅಧ್ಯಯನದಲ್ಲಿ ಶೇ. 90.5ರಷ್ಟು ಸರಿಯಾದ ರೋಗನಿದಾನವನ್ನು ನೀಡಿತು. ಸ್ಕ್ಯಾನ್ ಕೊಠಡಿಗೆ ಒಯ್ಯಲಾಗದ ರೋಗಿಯ ಬಳಿ ನಿಮಿಷಗಳೇ ನಿರ್ಣಾಯಕ. ಜನಪದರು ನಕ್ಷತ್ರಗಳಿಗೆ ಹೆಸರಿಟ್ಟು ಮಳೆಗಾಲವನ್ನು ನೆನಪಿನಲ್ಲಿರಿಸಿಕೊಂಡಂತೆ, ಇಲ್ಲಿ ರೂಪಕವು ಪ್ರಾಣರಕ್ಷಕ ತಿಳಿವನ್ನು ಕಿರಿಯ ವೈದ್ಯರಿಗೆ ದಾಟಿಸುತ್ತದೆ.