ಕಾಲೇಜು ವಿದ್ಯಾರ್ಥಿಗಳಿಗೆ ಉಚಿತ ಮತ್ತು ಗೌಪ್ಯ ಆಪ್ತಸಮಾಲೋಚನೆ: ಗಡಿನಾಡಿನ ಕನ್ನಡ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಹತ್ತನೆಯ ತರಗತಿಯವರೆಗೆ, ಕೆಲವೆಡೆ ಹನ್ನೆರಡನೆಯ ತರಗತಿಯವರೆಗೆ, ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳು ಕಾಲೇಜಿನ ಹೊಸ್ತಿಲು ದಾಟಿದೊಡನೆ ಎರಡು ಭಾಷೆಗಳನ್ನು ಏಕಕಾಲಕ್ಕೆ ಎದುರಿಸುತ್ತಾರೆ. ಪಾಠ ಇಂಗ್ಲಿಷಿನಲ್ಲಿ, ಕಚೇರಿ, ಹಾಸ್ಟೆಲ್ಲು, ಗೆಳೆಯರ ಹರಟೆಯೆಲ್ಲ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗಿನಲ್ಲಿ. ಬಹಳ ಮಕ್ಕಳು ಕಾಲಕ್ರಮೇಣ ಹೊಂದಿಕೊಳ್ಳುತ್ತಾರೆ. ಕೆಲವರು ತರಗತಿಯಲ್ಲಿ ಬಾಯಿ ತೆರೆಯಲಾರದೆ, ಮನೆಯಲ್ಲಿ ಹೇಳಿಕೊಳ್ಳಲಾರದೆ ಒಳಗೊಳಗೇ ಕುಗ್ಗುತ್ತಾರೆ. ಇಂಥವರಿಗಾಗಿ ಹಣ ತೆರಬೇಕಿಲ್ಲದ, ಆಡಿದ ಮಾತು ಹೊರಗೆ ಹೋಗದ ನೆರವಿನ ವ್ಯವಸ್ಥೆಗಳು ಇವೆ. ಅವು ಎಲ್ಲಿವೆ, ಹೇಗೆ ನಡೆಯುತ್ತವೆ, ಕನ್ನಡದಲ್ಲಿ ಹೇಗೆ ಪಡೆಯಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಆಪ್ತಸಮಾಲೋಚನೆ ಎಂದರೇನು?

ತರಬೇತಿ ಪಡೆದ ವ್ಯಕ್ತಿಯೊಬ್ಬರು ವಿದ್ಯಾರ್ಥಿಯ ಮಾತನ್ನು ತೀರ್ಪು ನೀಡದೆ ಆಲಿಸಿ, ಅವರ ತೊಡಕನ್ನು ಅವರೇ ಬಿಡಿಸಿಕೊಳ್ಳಲು ನೆರವಾಗುವ ಕ್ರಮವೇ ಆಪ್ತಸಮಾಲೋಚನೆ. ಒಂದು ಭೇಟಿ ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುತ್ತದೆ. ಪರೀಕ್ಷೆಯ ಭಯ, ಅನುತ್ತೀರ್ಣತೆ, ಹಾಸ್ಟೆಲ್ಲಿನ ಒಂಟಿತನ, ರ‍್ಯಾಗಿಂಗ್, ಪ್ರೇಮವೈಫಲ್ಯ, ಮನೆಯ ಸಾಲದ ಚಿಂತೆ, ನಿದ್ರಾಹೀನತೆ ಇವುಗಳಲ್ಲಿ ಯಾವುದಕ್ಕೂ ಹೋಗಬಹುದು. ಆಪ್ತಸಮಾಲೋಚಕರು ಔಷಧಿ ಕೊಡುವುದಿಲ್ಲ. ಔಷಧಿ ಬೇಕೆನಿಸಿದರೆ ಮನೋವೈದ್ಯರಲ್ಲಿಗೆ ಹೋಗಲು ಸೂಚಿಸುತ್ತಾರೆ.

‘ಹುಚ್ಚು ಹಿಡಿದವರು ಹೋಗುವ ಜಾಗ’ ಎಂಬ ಭಾವನೆ ನಮ್ಮ ಊರುಗಳಲ್ಲಿ ಇನ್ನೂ ಅಳಿದಿಲ್ಲ. ನಾಳೆ ಮದುವೆಯ ಸಂಬಂಧ ಕೂಡಿಬರಲಿಕ್ಕಿಲ್ಲ ಎಂಬ ಅಳುಕೂ ಇದೆ. ಅಂಕಪಟ್ಟಿಯಲ್ಲಾಗಲಿ ವರ್ಗಾವಣೆ ಪತ್ರದಲ್ಲಾಗಲಿ ಆಪ್ತಸಮಾಲೋಚನೆಯ ಪ್ರಸ್ತಾಪವಿರುವುದಿಲ್ಲ ಎಂಬುದನ್ನು ಪೋಷಕರು ಗಮನಿಸಬೇಕು.

ಗೌಪ್ಯತೆ ಮತ್ತು ಅದರ ಮಿತಿ

2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೆಯ ಪ್ರಕರಣವು ಮಾನಸಿಕ ಆರೋಗ್ಯದ ಬಗೆಗಿನ ಮಾಹಿತಿಯನ್ನು ಗೌಪ್ಯವಾಗಿ ಇರಿಸಿಕೊಳ್ಳುವ ಹಕ್ಕನ್ನು ಆ ವ್ಯಕ್ತಿಗೇ ನೀಡಿದೆ. ಚಿಕಿತ್ಸೆ ನೀಡುವವರು ಅದನ್ನು ಕಾಪಾಡಬೇಕು. ಆಪ್ತಸಮಾಲೋಚಕರ ವೃತ್ತಿಧರ್ಮವೂ ಇದನ್ನೇ ವಿಧಿಸುತ್ತದೆ. ಹದಿನೆಂಟು ತುಂಬಿದ ವಿದ್ಯಾರ್ಥಿಯು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಪ್ರಾಂಶುಪಾಲರಿಗಾಗಲಿ ತಂದೆತಾಯಿಗಳಿಗಾಗಲಿ ತಿಳಿಸುವಂತಿಲ್ಲ.

ಈ ಗೌಪ್ಯತೆಗೆ ಮಿತಿಗಳಿವೆ. ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವ ಸಂಭವವಿದ್ದಾಗ, ನ್ಯಾಯಾಲಯದ ಆದೇಶವಿದ್ದಾಗ ಅಗತ್ಯವಿರುವಷ್ಟು ಮಾಹಿತಿಯನ್ನು ಸಂಬಂಧಪಟ್ಟವರಿಗೆ ತಿಳಿಸಬಹುದು. ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ವರದಿ ಮಾಡುವುದು 2012ರ ಪೋಕ್ಸೊ ಕಾಯಿದೆಯಂತೆ ಕಡ್ಡಾಯ. ಪಿಯುಸಿ ಅಥವಾ ಪ್ಲಸ್ ಟೂ ವಿದ್ಯಾರ್ಥಿಗಳಲ್ಲಿ ಬಹುಪಾಲು ಅಪ್ರಾಪ್ತ ವಯಸ್ಕರಾದ್ದರಿಂದ ಅವರ ಚಿಕಿತ್ಸೆಯ ನಿರ್ಣಯಗಳಲ್ಲಿ ಪೋಷಕರ ಪಾತ್ರ ಹೆಚ್ಚಿರುತ್ತದೆ. ಮೊದಲ ಭೇಟಿಯಲ್ಲೇ ‘ಯಾವುದನ್ನು ಯಾರಿಗೆ ಹೇಳುತ್ತೀರಿ?’ ಎಂದು ಕೇಳುವ ಹಕ್ಕು ವಿದ್ಯಾರ್ಥಿಗಿದೆ.

ಪೊಲೀಸ್ ಪ್ರಕರಣವಾದೀತೆಂದು ಹೆದರಿ ಎಷ್ಟೋ ಮನೆಗಳು ಮೌನವಾಗುತ್ತವೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಇದೇ ಅಧಿನಿಯಮದ 115ನೆಯ ಪ್ರಕರಣ ಹೇಳುತ್ತದೆ. ಆದ್ದರಿಂದ ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯಬಾರದು.

ಕಾಲೇಜಿನೊಳಗೆ

ಆಂಧ್ರಪ್ರದೇಶದ ವಿಶಾಖಪಟ್ಟಣದಲ್ಲಿ ನಡೆದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಅರ್ಹತೆಯುಳ್ಳ ಒಬ್ಬರಾದರೂ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನು ನೇಮಿಸಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ಸಹಾಯವಾಣಿಯ ಸಂಖ್ಯೆಗಳನ್ನು ತರಗತಿ, ಹಾಸ್ಟೆಲ್ಲು ಮೊದಲಾದೆಡೆ ಎದ್ದು ಕಾಣುವಂತೆ ಬರೆಯಿಸಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಿಸಬೇಕು.

ಕೇರಳದಲ್ಲಿ ಇದಕ್ಕೂ ಮೊದಲೇ ಕಾಲೇಜು ಶಿಕ್ಷಣ ಇಲಾಖೆಯು ‘ಜೀವನಿ’ ಯೋಜನೆಯಡಿ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜುಗಳಿಗೆ ಮನಶ್ಶಾಸ್ತ್ರಜ್ಞರನ್ನು ನಿಯೋಜಿಸತೊಡಗಿತ್ತು. ಮಗ ಅಥವಾ ಮಗಳನ್ನು ಸೇರಿಸುವ ದಿನವೇ ‘ಇಲ್ಲಿ ಆಪ್ತಸಮಾಲೋಚಕರು ಯಾರು, ಯಾವ ದಿನ ಸಿಗುತ್ತಾರೆ, ಯಾವ ಭಾಷೆ ಬಲ್ಲರು?’ ಎಂದು ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ದೂರವಾಣಿಯಲ್ಲಿ, ಕನ್ನಡದಲ್ಲಿ

ಕೇಂದ್ರ ಆರೋಗ್ಯ ಸಚಿವಾಲಯದ ‘ಟೆಲಿ ಮಾನಸ್’ ಸೇವೆಯು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾಯಿತು. ಅದರ ಕೇಂದ್ರ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. 14416 ಅಥವಾ 1800-891-4416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೆ ಅಥವಾ ಸಮೀಪದ ಆಸ್ಪತ್ರೆಗೆ ಸಂಪರ್ಕ ಕಲ್ಪಿಸುತ್ತಾರೆ. ಸೇವೆ ಲಭ್ಯವಿರುವ 20 ಭಾಷೆಗಳಲ್ಲಿ ಕನ್ನಡವೂ ಒಂದು. ಕರೆಯ ಆರಂಭದಲ್ಲಿ ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವಿದೆ. ಬೇರೆ ಭಾಷೆಯವರು ಕರೆ ಸ್ವೀಕರಿಸಿದರೆ ‘ಕನ್ನಡ ಬಲ್ಲವರು ಬೇಕು’ ಎಂದು ಸಂಕೋಚವಿಲ್ಲದೆ ಕೇಳಬೇಕು.

ನಮ್ಮ ಮಟ್ಟಿಗೆ ಇದು ಸಣ್ಣ ಮಾತಲ್ಲ. ಕನ್ನಡದಲ್ಲಿ ‘ಸಂಕಟ’ ಎಂದರೆ ಹೊಟ್ಟೆಯ ತಳಮಳವೂ ಹೌದು, ಮನಸ್ಸಿನ ನೋವೂ ಹೌದು. ಮರಾಠಿಯಲ್ಲಿ ಅದೇ ಪದಕ್ಕೆ ಆಪತ್ತು ಎಂಬ ಅರ್ಥ. ಸೊಲ್ಲಾಪುರದ ಕಾಲೇಜಿನಲ್ಲಿ ಜತ್ತ ಕಡೆಯ ವಿದ್ಯಾರ್ಥಿಯೊಬ್ಬ ‘ಸಂಕಟವಾಗುತ್ತಿದೆ’ ಎಂದರೆ ಕೇಳಿದವರಿಗೆ ಬೇರೆಯೇ ತೋರಬಹುದು. ‘ಎದೆ ಭಾರ’, ‘ಜೀವ ಹಿಂಡಿದಂತಾಗುತ್ತದೆ’ ಎಂಬ ಮಾತುಗಳನ್ನು ಇಂಗ್ಲಿಷಿಗೆ ತರುವಷ್ಟರಲ್ಲಿ ಅವುಗಳ ಭಾರ ಅರ್ಧ ಇಳಿದುಹೋಗಿರುತ್ತದೆ. ವ್ಯವಹಾರಕ್ಕೆ ಕಲಿತ ಭಾಷೆಯಲ್ಲಿ ಅಂಗಡಿ, ಬ್ಯಾಂಕಿನ ಕೆಲಸ ಮುಗಿಸಬಹುದು. ದುಃಖವನ್ನು ಹೇಳಿಕೊಳ್ಳಲು ಮಾತೃಭಾಷೆಯೇ ಬೇಕಾಗುತ್ತದೆ. ಕನ್ನಡದಲ್ಲಿ ಮಾತನಾಡಲು ಬಯಸುವುದು ದಡ್ಡತನವಲ್ಲವೆಂದು ಮಕ್ಕಳಿಗೆ ಮನೆಯಲ್ಲೇ ತಿಳಿಹೇಳಬೇಕು.

ಜಿಲ್ಲಾಸ್ಪತ್ರೆಯಲ್ಲಿ

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಸೇವೆ ದೊರೆಯುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಈ ಕಾರ್ಯಕ್ರಮಕ್ಕೆ ಮಾದರಿಯಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಇದನ್ನು ಆರಂಭಿಸಿತು. ಆದವಾನಿ, ರಾಯದುರ್ಗಗಳ ನೆರೆಯಲ್ಲೇ ಹುಟ್ಟಿದ ವ್ಯವಸ್ಥೆಯಿದು.

ಪೋಷಕರು ಮಾಡಬೇಕಾದದ್ದು

ಮಗು ಊಟ, ನಿದ್ರೆ ಬಿಟ್ಟರೆ, ಗೆಳೆಯರಿಂದ ದೂರ ಸರಿದರೆ, ರಜೆ ಮುಗಿದು ಕಾಲೇಜಿಗೆ ಮರಳಲು ಪದೇಪದೇ ನೆಪ ಹೇಳಿದರೆ, ಇಷ್ಟದ ವಸ್ತುಗಳನ್ನು ಹಂಚಿಬಿಟ್ಟರೆ, ‘ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ’ ಎಂಬಂಥ ಮಾತಾಡಿದರೆ ಅದನ್ನು ಹಗುರವಾಗಿ ಕಾಣಬಾರದು. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ಮೃದುವಾಗಿ, ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಅಪಾಯ ಕಂಡರೆ ಮಗುವನ್ನು ಒಂಟಿಯಾಗಿ ಬಿಡದೆ 112ಕ್ಕೆ ಕರೆ ಮಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಗು ಆಪ್ತಸಮಾಲೋಚಕರಲ್ಲಿಗೆ ಹೋಗಿಬಂದ ದಿನ ‘ಅಲ್ಲಿ ಏನು ಹೇಳಿದೆ? ನಮ್ಮ ಬಗ್ಗೆ ಏನಂದೆ?’ ಎಂದು ವಿಚಾರಣೆ ನಡೆಸಬಾರದು. ‘ಸ್ವಲ್ಪ ಹಗುರವಾಯಿತೇನಪ್ಪ?’, ‘ಏನಾದರೂ ಬೇಕೇನಮ್ಮ?’ ಎಂದರೆ ಸಾಕು. ಕಾನೂನು ಕೊಟ್ಟ ಗೌಪ್ಯತೆ ಮನೆಯವರ ಒತ್ತಾಯದಿಂದ ಮುರಿದುಬಿದ್ದರೆ ಮಗು ಎರಡನೆಯ ಭೇಟಿಗೆ ಹೋಗಲಾರದು. ‘ಪಕ್ಕದ ಮನೆಯವನ ಮಗನನ್ನು ನೋಡು’ ಎಂಬ ಹೋಲಿಕೆಯನ್ನೂ ಬಿಡಬೇಕು.

ಕೇಳಿ ಪಡೆಯಬೇಕಾದದ್ದು

ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಗಳಲ್ಲಿ ಸಲ್ಲಿಸುವ ಹಕ್ಕನ್ನು ನೀಡಿದೆ. ಕನ್ನಡ ವಿದ್ಯಾರ್ಥಿಗಳು ಗಣನೀಯವಾಗಿರುವ ಕಾಲೇಜುಗಳಲ್ಲಿ ಸಹಾಯವಾಣಿಯ ಫಲಕ ಕನ್ನಡದಲ್ಲೂ ಇರಲಿ, ಕನ್ನಡ ಬಲ್ಲ ಆಪ್ತಸಮಾಲೋಚಕರು ವಾರಕ್ಕೊಂದು ದಿನವಾದರೂ ಬರಲಿ ಎಂದು ರಕ್ಷಕ-ಶಿಕ್ಷಕ ಸಂಘದ ಮೂಲಕ ಲಿಖಿತವಾಗಿ ಕೇಳಬಹುದು. ಕಾಸರಗೋಡಿನ ಸರ್ಕಾರಿ ಕಾಲೇಜಿನಂತೆ ಕನ್ನಡ ವಿಭಾಗವಿರುವಲ್ಲಿ ಆ ಅಧ್ಯಾಪಕರು ವಿದ್ಯಾರ್ಥಿಗೂ ಆಪ್ತಸಮಾಲೋಚಕರಿಗೂ ನಡುವೆ ಸೇತುವಾಗಬಲ್ಲರು.

ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆಗಳು

ಟೆಲಿ ಮಾನಸ್: 14416 ಅಥವಾ 1800-891-4416
ಕೇರಳ ಸರ್ಕಾರದ ‘ದಿಶಾ’: 1056
ತಮಿಳುನಾಡಿನ ಆರೋಗ್ಯ ಸಹಾಯವಾಣಿ: 104
ರ‍್ಯಾಗಿಂಗ್ ವಿರೋಧಿ ಸಹಾಯವಾಣಿ: 1800-180-5522
ಹದಿನೆಂಟಕ್ಕಿಂತ ಕಿರಿಯರಿಗೆ ಮಕ್ಕಳ ಸಹಾಯವಾಣಿ: 1098
ತುರ್ತು ನೆರವು: 112

ಈ ಸಂಖ್ಯೆಗಳನ್ನು ಮಕ್ಕಳ ಮೊಬೈಲಿನಲ್ಲಿ ಇಂದೇ ಉಳಿಸಿಕೊಡಬೇಕೆಂದು ಓದುಗರಲ್ಲಿ ನಮ್ಮ ವಿನಂತಿ. ಕಷ್ಟ ಬಂದ ಹೊತ್ತಿನಲ್ಲಿ ಹುಡುಕುವ ತ್ರಾಣ ಮಕ್ಕಳಲ್ಲಿ ಉಳಿದಿರುವುದಿಲ್ಲ.